ತಡವಾಗಿ ಉಸಿರಾಡುವ ಮೊರಗಳು

ಕೂತವರ ಉಸಿರಿಗೆ ತಕ್ಕಂತೆ ಮೋಟಾರಿನಿಂದ ಏಳಿಳಿಯಲೆಂದು ಗೋಡೆಗೆ ಸಾಲಾಗಿ ಕಟ್ಟಿದ್ದ ಐದು ಮೊರಗಳು ಮೊದಲ ಸಲ ನನ್ನ ಉಸಿರಿಗೆ ಎದ್ದಾಗ ಖುಷಿಯಾಗಬೇಕಿತ್ತು. ಎರಡು ತಿಂಗಳು ಅದಕ್ಕಾಗಿಯೇ ಒದ್ದಾಡಿದ್ದೆ. ಆದರೆ ಆದದ್ದು ಕಿರಿಕಿರಿ. ಉಸಿರು ಎಳೆದುಕೊಂಡೆ, ಏನೂ ಆಗಲಿಲ್ಲ. ಇನ್ನೇನು ಎದೆ ತುಂಬಿತು ಅನ್ನುವಷ್ಟರಲ್ಲಿ ಮೊರಗಳು ಎದ್ದವು. ಉಸಿರು ಬಿಟ್ಟೆ, ಅವು ಇನ್ನೂ ಏಳುತ್ತಲೇ ಇದ್ದವು. ಫೋನಿನಲ್ಲಿ ಕೆಲವೊಮ್ಮೆ ನಮ್ಮ ಮಾತೇ ನಮಗೆ ವಾಪಸ್ ಕೇಳಿಸಿ ನಾಲಿಗೆ ತೊಡರುತ್ತದಲ್ಲ, ಹಾಗೆ ಎದೆ ತೊಡರಿತು. ನಾಲ್ಕನೇ ಉಸಿರಿಗೆ ಎದ್ದು ಹೋಗಿ ಸ್ವಿಚ್ ಆರಿಸಿದೆ.

ಆಮೇಲಿನ ಏಳು ತಿಂಗಳು ಹೋದದ್ದು ಆ ಅರ್ಧ ಸೆಕೆಂಡಿನ ತಡದ ಹಿಂದೆ.

ನಾನು ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ. ಮೈಸೂರಿನಲ್ಲಿ ಪ್ಯಾಕಿಂಗ್ ಯಂತ್ರಗಳ ರಿಪೇರಿ ಮಾಡಿ ಬದುಕಿದವನು. ಯಂತ್ರ ಅಂದರೆ ನಿಮಿಷಕ್ಕೆ ಎಷ್ಟು ಪೊಟ್ಟಣ ಕಟ್ಟುತ್ತದೆ ಅನ್ನುವುದಷ್ಟೇ ನನಗೆ ಗೊತ್ತಿದ್ದ ಲೆಕ್ಕ. ಚಲಿಸುವ ಶಿಲ್ಪ ಅನ್ನುವ ಒಂದು ಲೋಕವಿದೆ ಅಂತ ತಿಳಿದದ್ದು ಕಲಾವಿದ ಡೇನಿಯಲ್ ರೋಜಿನ್ ಅವರ ಮರದ ಕನ್ನಡಿಯ ವಿಡಿಯೊ ನೋಡಿದ ಮೇಲೆ. 1999ರ ಕೃತಿ. 830 ಮರದ ಚೂರುಗಳು, ಒಂದೊಂದಕ್ಕೂ ಒಂದೊಂದು ಪುಟ್ಟ ಮೋಟಾರು, ನಡುವೆ ಅಡಗಿಸಿಟ್ಟ ಕ್ಯಾಮೆರಾ. ಎದುರು ನಿಂತವರ ಬೆಳಕು ನೆರಳಿಗೆ ತಕ್ಕ ಹಾಗೆ ಚೂರುಗಳು ಬಾಗಿ, ಮರದಲ್ಲೇ ಅವರ ಮುಖ ಮೂಡುತ್ತದೆ. ನನ್ನ ಮೊದಲ ಯೋಚನೆ, ನಾಚಿಕೆಯಿಲ್ಲದೆ ಹೇಳುತ್ತೇನೆ, ಎಂಟುನೂರು ಮೋಟಾರಿನಲ್ಲಿ ದಿನಕ್ಕೆ ಎಷ್ಟು ಕೆಡುತ್ತವೋ ಅನ್ನುವುದು. ಎರಡನೆಯದು, ಆ ಚೂರು ಬಾಗುವ ರೀತಿಯನ್ನು ಎಲ್ಲೋ ನೋಡಿದ್ದೇನೆ ಅನ್ನುವುದು. ಎರಡು ದಿನ ಬಿಟ್ಟು ಹೊಳೆಯಿತು: ಅಜ್ಜಿಯ ಮೊರ.

ಕೆ.ಆರ್. ನಗರದ ಹತ್ತಿರದ ನಮ್ಮ ಊರಿನಲ್ಲಿ ಅಜ್ಜಿ ಜಗಲಿಯ ಮೇಲೆ ಕಾಲು ಚಾಚಿ ಕೂತು ಅಕ್ಕಿ ಕೇರುತ್ತಿದ್ದಳು. ಮೊರ ಎದ್ದು ಬೀಳುವಾಗ ಹೊಟ್ಟು ಅಂಚಿನಾಚೆ ಹಾರುತ್ತದೆ, ನುಚ್ಚು ಒಂದು ಕಡೆ ಸೇರುತ್ತದೆ. ಹೊಟ್ಟು ಹಾರುವ ಗಳಿಗೆಗೆ ಸರಿಯಾಗಿ ಅವಳ ಮೂಗಿನಿಂದ ಉಸಿರು ಹೊರಡುತ್ತಿತ್ತು. ಪಕ್ಕದಲ್ಲಿ ಮಲಗಿ ಕೇಳಿಸಿಕೊಂಡರೆ ಯಾವುದು ಅಕ್ಕಿಯ ಸದ್ದು, ಯಾವುದು ಅಜ್ಜಿಯ ಸದ್ದು ಗೊತ್ತಾಗುತ್ತಿರಲಿಲ್ಲ. ಕನ್ನಡಿ ಬೇಡ, ಮುಖ ಬೇಡ. ಕೂತವರ ಉಸಿರಿಗೆ ಒಂದು ಗೋಡೆ ತುಂಬ ಮೊರ ಏಳಬೇಕು, ಇಳಿಯಬೇಕು. ಇಷ್ಟೇ ಅಂದುಕೊಂಡು ಶುರು ಮಾಡಿದೆ.

ಮೊರ ತಂದದ್ದು ಬಂಬೂ ಬಜಾರಿನಿಂದ. ಗೌರಿ ಹಬ್ಬದ ಹಿಂದುಮುಂದು ಹೋಗಬೇಡಿ; ಬಾಗಿನದ ಮೊರಕ್ಕೆ ಜನ ಮುಗಿಬಿದ್ದಿರುತ್ತಾರೆ, ನಿಮ್ಮ ಜೊತೆ ಮಾತಾಡಲು ಯಾರಿಗೂ ಪುರುಸೊತ್ತಿರುವುದಿಲ್ಲ. ಬಾಗಿನದ ಮೊರ ಚಿಕ್ಕದು, ನನಗೆ ಬೇಕಾದದ್ದು ಧಾನ್ಯ ಕೇರುವ ದೊಡ್ಡ ಮೊರ. ಹಬ್ಬ ಕಳೆದು ಎರಡು ವಾರಕ್ಕೆ ಹೋದೆ. ಅಲ್ಲಿ ಹೆಣೆಯುತ್ತಿದ್ದ ಹೆಂಗಸು, ಐವತ್ತರ ಆಚೆ ಇರಬಹುದು, ನಾನು ಇಪ್ಪತ್ತೈದು ಮೊರ ಕೇಳಿದಾಗ ಕೈ ನಿಲ್ಲಿಸದೆ ಕೇಳಿದರು: "ಮದ್ವೆಯಾ ಸಾರ್?" ಅಲ್ಲಕ್ಕ, ಗೋಡೆಗೆ ಹಾಕೋದಕ್ಕೆ, ಅಂದೆ. "ಹೋಟ್ಲಾ?" ಅಂದರು. ರೆಸಾರ್ಟುಗಳವರು ಅಲಂಕಾರಕ್ಕೆ ತೆಗೆದುಕೊಂಡು ಹೋಗುವುದುಂಟಂತೆ. ಮೊರ ಗೋಡೆಯ ಮೇಲೆ ಅಲ್ಲಾಡುತ್ತದೆ ಅಂದಾಗ ಮಾತ್ರ ತಲೆ ಎತ್ತಿ ನೋಡಿದರು. ಈ ಅಕ್ಕ ಮುಂದೆ ಇನ್ನೊಮ್ಮೆ ಬರುತ್ತಾರೆ.

ಮನೆಯಲ್ಲಿ ಮೊದಲ ಜಗಳ ತೂತಿನ ವಿಷಯಕ್ಕೆ. ಮೊರಕ್ಕೆ ನಡುವೆ ಎರಡು ತೂತು ಕೊರೆದು ಕಡ್ಡಿ ತೂರಿಸಿದರೆ ಕೆಲಸ ಸಲೀಸು. ಡ್ರಿಲ್ಲು ಕೈಗೆ ತೆಗೆದುಕೊಂಡಿದ್ದೆ, ಅಮ್ಮ ಬಂದು ನಿಂತಳು. "ನೀನು ಹುಟ್ಟಿದಾಗ ಮೊರದಲ್ಲೇ ಮಲಗಿಸಿದ್ದು ಕಣೋ. ತೂತು ಹಾಕಿದ ಮೇಲೆ ಅದು ಮೊರ ಅಲ್ಲ, ಕಸ." ವಾದ ಮಾಡಲಿಲ್ಲ. ಹಿಂಬದಿಗೆ ಬಿದಿರಿನ ಎರಡು ಸೀಳು ಅಡ್ಡ ಇಟ್ಟು, ಹೆಣಿಗೆಯ ಸಂದಿನಲ್ಲೇ ದಾರ ಪೋಣಿಸಿ ಕಟ್ಟಿದೆ. ನಾಲ್ಕು ಮಿಲಿಮೀಟರಿನ ಕಬ್ಬಿಣದ ಕಡ್ಡಿ ಆ ಸೀಳುಗಳ ಮೇಲೆ ಕೂರುತ್ತದೆ, ಮೊರಕ್ಕೆ ಗಾಯವಿಲ್ಲ. ಕೊನೆಗೆ ಇದೇ ಉಪಕಾರವಾಯಿತು: ಕಟ್ಟು ಬಿಚ್ಚಿ ಕಡ್ಡಿಯನ್ನು ಅರ್ಧ ಬೆರಳು ಆಚೀಚೆ ಸರಿಸಬಹುದು. ತೂತಾದರೆ ಕೊರೆದಲ್ಲೇ ಗತಿ.

ಸರಿಸಲೇಬೇಕು. ಮೊರದ ಹಿಂಬದಿ ಗೋಡೆಯಂತೆ ಎತ್ತರ, ಮುಂಬದಿ ಚಪ್ಪಟೆ, ತೂಕವೆಲ್ಲ ಹಿಂದೆ. ತೋರುಬೆರಳ ಮೇಲೆ ಇಟ್ಟು, ಎಲ್ಲಿ ಅತ್ತ ಇತ್ತ ವಾಲದೆ ನಿಲ್ಲುತ್ತದೋ ಅಲ್ಲಿ ಸುಣ್ಣದ ಗುರುತು ಹಾಕಿಕೊಂಡೆ. ಇಪ್ಪತ್ತೈದಕ್ಕೂ ಬೇರೆ ಬೇರೆ ಜಾಗ. ಕಡ್ಡಿ ಸರಿಯಾಗಿ ಆ ಗೆರೆಗೆ ಬೇಡ, ಕೂದಲೆಳೆಯಷ್ಟು ಹಿಂದಕ್ಕೆ ಇರಬೇಕು, ಆಗ ದಾರ ಬಿಟ್ಟ ಕೂಡಲೇ ಮುಂಬದಿ ತಾನಾಗಿ ಇಳಿಯುತ್ತದೆ. ಹೀಗೆ ತೂಗಿಸಿಟ್ಟರೆ ಮೋಟಾರು ಎತ್ತಬೇಕಾದ ಭಾರವೇ ಇಲ್ಲ, ಬರೀ ಕಡ್ಡಿಯ ಉಜ್ಜಾಟ ಗೆದ್ದರೆ ಸಾಕು. ಮಳೆಗಾಲದಲ್ಲಿ ಮಾತ್ರ ಬಿದಿರು ನೀರು ಕುಡಿದು ತೂಕ ತಪ್ಪುತ್ತದೆ. ಜುಲೈನಲ್ಲಿ ಒಂದು ಸಲ ಎಲ್ಲವನ್ನೂ ಮತ್ತೆ ಬೆರಳ ಮೇಲೆ ಇಟ್ಟು ನೋಡಬೇಕಾಯಿತು. ಎರಡಕ್ಕೆ ಕುಟ್ಟೆ ಹತ್ತಿತ್ತು. ಕೆಳಗೆ ಬಿದ್ದ ಹಿಟ್ಟಿನಂಥ ಪುಡಿ ನೋಡಿ ಗೊತ್ತಾಯಿತು, ಬಿಸಾಡಿ ಬೇರೆ ತಂದೆ.

ಮೋಟಾರಿನಲ್ಲಿ ಎಡವಿದೆ. ಎಲೆಕ್ಟ್ರಾನಿಕ್ ಬಿಡಿಭಾಗ ಸಿಗುವ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ, ಹವ್ಯಾಸಿಗಳೆಲ್ಲ ಕೊಳ್ಳುವ ಲೋಹದ ಹಲ್ಲಿನ ಸರ್ವೊ, ಅಂದರೆ ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಪುಟ್ಟ ಮೋಟಾರು, ಐದು ತಂದೆ. ಶಕ್ತಿ ಬೇಕಾದಷ್ಟಿತ್ತು. ಸರ್ವೊಗೆ ಪ್ರತಿ 20 ಮಿಲಿಸೆಕೆಂಡಿಗೆ ಒಂದು ಆಜ್ಞೆ ಹೋಗುತ್ತದೆ. ಜಾಗ ಒಂಚೂರು ತಪ್ಪಿದರೂ ಅದು ಕೊಸರಾಡಿ ಸರಿಪಡಿಸಿಕೊಳ್ಳುತ್ತದೆ. ನಿಂತಾಗಲೂ ಗುಂಯ್ ಅನ್ನುತ್ತದೆ. ಕಾರ್ಖಾನೆಯಲ್ಲಿ ಇದು ಸದ್ದೇ ಅಲ್ಲ. ಆದರೆ ಉಸಿರಿನ ಎದುರು ಇದು ಸಂತೆ. ಮನುಷ್ಯ ತನ್ನ ಉಸಿರು ತಾನು ಕೇಳಿಸಿಕೊಳ್ಳುವಷ್ಟು ನಿಶ್ಶಬ್ದ ಬೇಕು, ಇಲ್ಲವಾದರೆ ಅವನ ಗಮನ ಮೋಟಾರಿಗೆ ಹೋಗುತ್ತದೆ, ಯಂತ್ರದ ಗುಣಗಾನ ಮಾಡಿ ಎದ್ದು ಹೋಗುತ್ತಾನೆ.

ಸರ್ವೊ ಬಿಟ್ಟು ಸ್ಟೆಪ್ಪರ್ ಹಿಡಿದೆ, ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟಾರು, ತ್ರೀಡಿ ಪ್ರಿಂಟರುಗಳಲ್ಲಿ ಇರುವಂಥದ್ದು. ಅದನ್ನು ಓಡಿಸಲು ಟಿಎಂಸಿ2209 ಅನ್ನುವ ಡ್ರೈವರ್ ಚಿಪ್ಪು. ಅದು ಸ್ಟೆಪ್ಪರಿನ ಒಂದೊಂದು ಹೆಜ್ಜೆಯನ್ನೂ ಪುಡಿಪುಡಿ ಮಾಡಿ ನುಣ್ಣಗೆ ತಿರುಗಿಸುತ್ತದೆ. ನಿಧಾನದಲ್ಲಿ ಕಿವಿಗೆ ಏನೂ ಕೇಳುವುದಿಲ್ಲ. ಇಪ್ಪತ್ತೈದು ಮೋಟಾರಿಗೆ ದುಡ್ಡಿರಲಿಲ್ಲ, ಹಾಗಾಗಿ ಸೂತ್ರದ ಗೊಂಬೆಯವರ ದಾರಿ ಹಿಡಿದೆ. ಒಂದು ಕಂಬಸಾಲಿನಲ್ಲಿ ಐದು ಮೊರ, ಐದರ ಮುಂಬದಿಯಿಂದಲೂ ಮೀನುಗಾಳದ ಹೆಣೆದ ದಾರ, ಮೇಲೆ ಪುಟ್ಟ ರಾಟೆಗಳು, ಎಲ್ಲ ದಾರವೂ ಒಂದೇ ಮೋಟಾರಿನ ಉರುಳೆಗೆ. ಐದು ಕಂಬಸಾಲು, ಐದು ಮೋಟಾರು. ದಾರ ಕಟ್ಟುವ ಜಾಗ ಕಡ್ಡಿಗೆ ಹತ್ತಿರವಾದಷ್ಟು ಮೊರ ಹೆಚ್ಚು ಏಳುತ್ತದೆ, ದೂರವಾದಷ್ಟು ಕಮ್ಮಿ. ನಡುವಿನ ಮೊರ ಜಾಸ್ತಿ, ಮೇಲೆ ಕೆಳಗಿನವು ಕಮ್ಮಿ ಏಳುವಂತೆ ಕಟ್ಟಿದಾಗ ಗೋಡೆಗೆ ಒಂದು ಎದೆಯ ಆಕಾರ ಬಂತು. ಮೋಟಾರಿನ ಕಾಲಡಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡು ಇಟ್ಟ ಮೇಲೆ ಚೌಕಟ್ಟಿನ ಗುಂಯ್‌ಗಾನವೂ ನಿಂತಿತು.

ಇನ್ನು ಉಸಿರನ್ನು ಹಿಡಿಯುವುದು. ಪುಸ್ತಕದ ದಾರಿ ಎದೆಗೆ ಪಟ್ಟಿ ಕಟ್ಟುವುದು. ಮನೆಯಲ್ಲಿ ನನಗೇ ಕಟ್ಟಿಕೊಂಡಾಗ ಚೆನ್ನಾಗಿತ್ತು. ಆದರೆ ಸೀರೆ ಉಟ್ಟ ನೆರೆಮನೆಯವರಿಗೆ "ಎದೆಗೆ ಇದನ್ನ ಕಟ್ಟಿಕೊಳ್ಳಿ ಅಕ್ಕ" ಅನ್ನಲು ಬಾಯಿ ಬರಲಿಲ್ಲ. ಮೂಗಿನ ಕೆಳಗೆ ಸೆನ್ಸರ್ ಹಿಡಿಯುವುದು ಕೊರೊನಾ ಕಂಡ ಮೇಲೆ ಯಾರಿಗೂ ಬೇಡ. ಯಾರ ಮೈಗೂ ಏನೂ ಅಂಟದೆ ಉಸಿರು ತಿಳಿಯಬೇಕು. ಒಂದು ಸಂಜೆ ಗೋಡೆಗೆ ದಿಂಬು ಕೊಟ್ಟು ಒರಗಿದ್ದಾಗ ಬೆನ್ನು ದಿಂಬನ್ನು ಒತ್ತುವುದು, ಬಿಡುವುದು ಗೊತ್ತಾಯಿತು. ಉಸಿರು ಎದೆಯ ಮುಂದೆ ಮಾತ್ರ ಇಲ್ಲ, ಬೆನ್ನಿನಲ್ಲೂ ಇದೆ.

ಪ್ರಯಾಣದ ಗಾಳಿದಿಂಬು ಒಂದನ್ನು ತಂದು, ಒಳಗೆ ಬಿಎಂಪಿ280 ಅನ್ನುವ ವಾಯುಭಾರದ ಸೆನ್ಸರ್ ಇಳಿಬಿಟ್ಟು, ತಂತಿ ಹೊರಬರುವ ಬಾಯಿಯನ್ನು ಅಂಟಿನಿಂದ ಮುಚ್ಚಿದೆ. ಡ್ರೋನುಗಳಲ್ಲಿ ಎತ್ತರ ಅಳೆಯಲು ಹಾಕುವಂಥ ಸೆನ್ಸರ್ ಇದು, ಉಗುರಿಗಿಂತ ಚಿಕ್ಕದು, ಒಂದು ಪಾಸ್ಕಲ್‌ಗಿಂತ (ಪಾಸ್ಕಲ್ ಅಂದರೆ ಒತ್ತಡದ ಅಳತೆ) ಕಡಿಮೆ ವ್ಯತ್ಯಾಸವನ್ನೂ ಕಾಣಬಲ್ಲದು. ಅದರ ಮೇಲೆ ಕೌದಿಯ ತುಂಡು ಹೊಲಿದೆ. ಒರಗಿ ಕೂತೆ. ಪರದೆಯ ಮೇಲೆ ನನ್ನ ಉಸಿರು ಬೆಟ್ಟ ಕಣಿವೆಗಳಾಗಿ ಬಂತು. ಬೆಟ್ಟದ ಮೈ ಮೇಲೆ ಸಣ್ಣ ಸಣ್ಣ ನಡುಕ, ಸೆಕೆಂಡಿಗೆ ಒಂದಕ್ಕಿಂತ ತುಸು ಹೆಚ್ಚು. ನಾಡಿ ಹಿಡಿದು ನೋಡಿದೆ, ಹೌದು, ನನ್ನ ಎದೆಬಡಿತ! ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ನೋಡಿದರೆ ಯಾರೂ ಕೂರದಿದ್ದರೂ ಮೊರಗಳು ಒಮ್ಮೊಮ್ಮೆ ಬೆಚ್ಚಿಬೀಳುತ್ತಿದ್ದವು. ದೆವ್ವ ಹಿಡಿಯಲು ಮೂರು ದಿನ ಬೇಕಾಯಿತು. ಅಡುಗೆಮನೆಯ ಬಾಗಿಲು. ಬಾಗಿಲು ಧಡಾರನೆ ಹಾಕಿದಾಗ ಕೋಣೆಯ ವಾಯುಭಾರ ಬದಲಾಗುತ್ತದೆ, ದಿಂಬು ಅದನ್ನೂ ಉಸಿರೆಂದೇ ಎಣಿಸುತ್ತದೆ. ಅಂಥದೇ ಎರಡನೇ ಸೆನ್ಸರನ್ನು ದಿಂಬಿನ ಹೊರಗೆ ತೂಗುಹಾಕಿ ಒಳಗಿನ ಲೆಕ್ಕದಿಂದ ಹೊರಗಿನದನ್ನು ಕಳೆದೆ. ಈ ಸೆನ್ಸರಿಗೆ ಎರಡು ವಿಳಾಸ ಇಡಲು ಬರುತ್ತದೆ, ಹಾಗಾಗಿ ಒಂದೇ ಜೋಡಿ ತಂತಿಯಲ್ಲಿ ಎರಡೂ ಕೂರುತ್ತವೆ. ಬಾಗಿಲ ದೆವ್ವ ಹೋಯಿತು.

ಇಷ್ಟಾದ ಮೇಲೆ ಬಂದದ್ದೇ ಮೊದಲು ಹೇಳಿದ ಆ ಸಂಜೆ. ಎಲ್ಲವೂ ಸರಿಯಾಗಿತ್ತು, ತಡ ಒಂದನ್ನು ಬಿಟ್ಟು. ತಡ ಎಲ್ಲಿಂದ ಬಂತು ಅಂದರೆ, ನಾನೇ ತಂದಿಟ್ಟದ್ದು. ಎದೆಬಡಿತದ ನಡುಕ, ಕೂತವರ ಮಿಸುಕಾಟ ಬೇಡವೆಂದು ಹಿಂದಿನ ಒಂದು ಸೆಕೆಂಡಿನ ಅಳತೆಗಳನ್ನೆಲ್ಲ ಕೂಡಿಸಿ ಸರಾಸರಿ ತೆಗೆಯುತ್ತಿದ್ದೆ. ಗೆರೆ ಬೆಣ್ಣೆಯಷ್ಟು ನುಣುಪಾಗಿತ್ತು. ಆದರೆ ಒಂದು ಸೆಕೆಂಡಿನ ಸರಾಸರಿ ತೋರಿಸುವುದು ಅರ್ಧ ಸೆಕೆಂಡು ಹಿಂದಿನ ಉಸಿರನ್ನು. ಅದರ ಮೇಲೆ ಮೋಟಾರು ವೇಗ ಹಿಡಿಯಲು ತುಸು ಹೊತ್ತು. ನುಣುಪು ಬೇಕೆಂದರೆ ತಡ ಕೊಡಬೇಕು. ಬೇಗ ಬೇಕೆಂದರೆ ನಡುಕ ಸಹಿಸಬೇಕು. ಪ್ಯಾಕಿಂಗ್ ಯಂತ್ರದಲ್ಲಿ ಈ ಅರ್ಧ ಸೆಕೆಂಡನ್ನು ಯಾರೂ ಕೇಳುವುದಿಲ್ಲ. ಇಲ್ಲಿ ಅದೇ ಎಲ್ಲವೂ ಆಗಿತ್ತು.

ಓದಲು ಕೂತದ್ದು ಆಗ. ಮನಸ್ಸು ಮಿದುಳಿನ ಸಂಶೋಧಕರಾದ ಮ್ಯಾಥ್ಯೂ ಬಾಟ್ವಿನಿಕ್ ಮತ್ತು ಜೊನಾಥನ್ ಕೊಹೆನ್ 1998ರಲ್ಲಿ ಪ್ರಕಟಿಸಿದ ರಬ್ಬರ್ ಕೈಯ ಪ್ರಯೋಗ ನಿಮಗೆ ಗೊತ್ತಿರಬಹುದು. ನಿಮ್ಮ ಕೈಯನ್ನು ಮರೆಮಾಡಿ, ಕಣ್ಣೆದುರು ರಬ್ಬರಿನ ಕೈ ಇಟ್ಟು, ಎರಡನ್ನೂ ಒಟ್ಟೊಟ್ಟಿಗೆ ಕುಂಚದಿಂದ ಸವರುತ್ತಾರೆ. ಸ್ವಲ್ಪ ಹೊತ್ತಿಗೆ ರಬ್ಬರಿನ ಕೈಯೇ ನನ್ನದು ಅನ್ನಿಸತೊಡಗುತ್ತದೆ. ಸವರುವುದು ಹಿಂದುಮುಂದಾದರೆ ಆ ಭ್ರಮೆ ಕಟ್ಟುವುದಿಲ್ಲ. ಮುಂದೆ ನಡೆದ ಪ್ರಯೋಗಗಳಲ್ಲಿ ಸುಮಾರು 300 ಮಿಲಿಸೆಕೆಂಡಿನ ಒಳಗಿನ ತಡವನ್ನು ಮೈ ಕ್ಷಮಿಸುತ್ತದೆ, ಆಚೆಗೆ ಹೋದಂತೆ ಅದು ಕೈಬಿಡುತ್ತದೆ ಎಂದು ಕಂಡುಬಂದಿದೆ. ಅಂದರೆ "ಇದು ನಾನು" ಅನ್ನುವುದಕ್ಕೆ ಆಕಾರ, ಬಣ್ಣ, ಹೋಲಿಕೆಗಿಂತ ಹೊತ್ತು ಮುಖ್ಯ. ನನ್ನ ಮೊರಗಳು ಆ ಗೆರೆಯ ಆಚೆ ನಿಂತಿದ್ದವು.

ಒಂದು ತಿರುಗಣೆ ಹಾಕಿಕೊಂಡೆ. ತಿರುಗಿಸಿದರೆ ತಡ ಹೆಚ್ಚು ಕಡಿಮೆ ಆಗಬೇಕು, ಮೂರು ಸೆಕೆಂಡಿನವರೆಗೂ. ಕಡಿಮೆ ಮಾಡುವುದೇ ಕಷ್ಟವಾಗಿತ್ತು. ಸರಾಸರಿ ಬಿಟ್ಟು, ಸೆಕೆಂಡಿಗೆ 25 ಅಳತೆಯಲ್ಲಿ ಕೊನೆಯ ಐದನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನದನ್ನು ಆರಿಸಿಕೊಂಡೆ. ಅದಕ್ಕೆ ತಗಲುವುದು 80 ಮಿಲಿಸೆಕೆಂಡು. ದೊಡ್ಡ ಲಾಭ ಬಂದದ್ದು ಇನ್ನೊಂದು ಕಡೆಯಿಂದ. ಎಷ್ಟು ಉಸಿರು ಎಂದು ಅಳೆದು ಆಮೇಲೆ ಹೊರಡುವುದನ್ನು ಬಿಟ್ಟು, ಗೆರೆ ತಿರುಗಿದ ಕೂಡಲೇ ಮೊರ ಹೊರಟುಬಿಡಲಿ, ಎಷ್ಟು ದೂರ ಅನ್ನುವುದನ್ನು ದಾರಿಯಲ್ಲಿ ನಿರ್ಧರಿಸೋಣ ಅಂತ ಮಾಡಿದೆ. ಮೈಗೆ ಮೊದಲು ಬೇಕಾದದ್ದು ದಿಕ್ಕು. ಅಳತೆಯಲ್ಲಿ ತುಸು ತಪ್ಪಿದರೆ ಅದು ಲೆಕ್ಕಕ್ಕೇ ಇಡುವುದಿಲ್ಲ. ನಡುವಿನ ಕಂಬಸಾಲಿನ ತಡ ಕಾಲು ಸೆಕೆಂಡಿಗೆ ಇಳಿಯಿತು. ಅಕ್ಕಪಕ್ಕದವು ಅಲೆಯಂತೆ ಹಿಂಬಾಲಿಸಲಿ ಎಂದು ಒಂದೊಂದಕ್ಕೆ 120 ಮಿಲಿಸೆಕೆಂಡು ಇಟ್ಟಿದ್ದೆ, ಅದನ್ನು 40ಕ್ಕೆ ಇಳಿಸಿದೆ. ಅಲೆಯ ಚೆಲುವು ಕಮ್ಮಿಯಾಯಿತು. ಇವತ್ತಿಗೂ ಅದರ ಬಗ್ಗೆ ಒಂಚೂರು ಹೊಟ್ಟೆಯುರಿ ಇದೆ.

ಮನೆಗೆ ಬಂದವರನ್ನೆಲ್ಲ ಕೂರಿಸಿದೆ: ಹಾಲಿನವರು, ತಂಗಿಯ ಮಕ್ಕಳು, ವಿಮೆ ಕೇಳಲು ಬಂದ ಹುಡುಗ. ಏನು ನಡೆಯುತ್ತಿದೆ ಎಂದು ಹೇಳದೆ, ತಿರುಗಣೆ ಬೇರೆ ಬೇರೆ ಕಡೆ ಇಟ್ಟು, ಏನನ್ನಿಸಿತು ಅಂತ ಮಾತ್ರ ಕೇಳಿ ಬರೆದುಕೊಂಡೆ. ಇದು ವಿಜ್ಞಾನವಲ್ಲ, ನೋಟ್‌ಬುಕ್ಕು. ಕಾಲು ಸೆಕೆಂಡಿನಲ್ಲಿ ಇಟ್ಟಾಗ ಹೆಚ್ಚಿನವರು ಏನೂ ಹೇಳುತ್ತಿರಲಿಲ್ಲ. "ಚೆನ್ನಾಗಿದೆ, ಹಗುರ ಅನ್ನಿಸ್ತದೆ" ಅಂದು ಸುಮ್ಮನಾಗುತ್ತಿದ್ದರು. ಮೊರ ತಮ್ಮ ಉಸಿರಿಗೆ ಏಳುತ್ತಿದೆ ಎಂಬುದು ಎಷ್ಟೋ ಜನಕ್ಕೆ ತಿಳಿಯಲೇ ಇಲ್ಲ. ನಮ್ಮ ಕೈ ನಾವು ಹೇಳಿದ ಹಾಗೆ ಕೇಳಿದಾಗ ಅದನ್ನು ಯಾರು ಗಮನಿಸುತ್ತಾರೆ? ಅರ್ಧ ಮುಕ್ಕಾಲು ಸೆಕೆಂಡಿನಲ್ಲಿ ಇಟ್ಟಾಗ ಎಲ್ಲರಿಗೂ ನನ್ನದೇ ಕಿರಿಕಿರಿ. ಹಾಲಿನವರು ಎರಡು ನಿಮಿಷ ಕೂರಲಿಲ್ಲ. ಒಂದೂವರೆ ಎರಡು ಸೆಕೆಂಡಿಗೆ ತಿರುಗಿಸಿದಾಗ ನಾನು ಎಣಿಸದ್ದು ನಡೆಯಿತು. ತಂಗಿಯ ಮಗಳು ತಿರುಗಿ ನೋಡಿ ಪಿಸುಗುಟ್ಟಿದಳು: "ಮಾವ, ಅದು ನನ್ನನ್ನ ಕೇಳಿಸ್ಕೊಳ್ತಿದೆ."

ತಡ ಜಾಸ್ತಿಯಾದರೆ ಕೆಡುತ್ತದೆ ಅಂದುಕೊಂಡಿದ್ದೆ. ಹಾಗಲ್ಲ. ಹತ್ತಿರವಿದ್ದರೆ ಅದು ನಾನು. ದೂರವಿದ್ದರೆ ಅದು ಇನ್ನೊಬ್ಬರು. ನಡುವೆ ಇದ್ದರೆ ಮಾತ್ರ ಕೆಟ್ಟು ಹೋದ ನಾನು. ಯಕ್ಷಗಾನದ ಚೆಂಡೆ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕುಣಿಯುವವರ ಹೆಜ್ಜೆಗೆ ಪೆಟ್ಟು ಕೂದಲೆಳೆ ತಪ್ಪಿದರೆ ಮುಖ ಹಿಂಡುತ್ತೇವೆ, ಪೂರ್ತಿ ಬಿಟ್ಟುಕೊಟ್ಟು ಆಮೇಲೆ ಉತ್ತರ ಕೊಟ್ಟರೆ ತಲೆದೂಗುತ್ತೇವೆ.

ಹೀಗೆ ಕೇಳಿಸಿಕೊಂಡ ಒಂದು ಯಂತ್ರ ನನಗಿಂತ ಎಷ್ಟೋ ಮುಂಚೆ ಇತ್ತು. ಶಿಲ್ಪಿ ಎಡ್ವರ್ಡ್ ಇಹ್ನಾಟೊವಿಚ್ ಅವರ ಸೆನ್‌ಸ್ಟರ್, 1970ರಲ್ಲಿ ನೆದರ್ಲೆಂಡಿನ ಐಂಡ್‌ಹೋವನ್‌ನಲ್ಲಿ ಫಿಲಿಪ್ಸ್ ಕಂಪನಿಯವರ ಎವೊಲುವಾನ್ ಎಂಬ ವಿಜ್ಞಾನ ಪ್ರದರ್ಶನದ ಕಟ್ಟಡದಲ್ಲಿ ನಿಂತದ್ದು. ಲಾಬ್‌ಸ್ಟರ್ ಎಂಬ ಕಡಲ ಜೀವಿಯ ಕೊಂಡಿಯ ಕೀಲುಗಳನ್ನು ನೋಡಿ ಕಟ್ಟಿದ ದೊಡ್ಡ ಉಕ್ಕಿನ ಕೈ, ತುದಿಯಲ್ಲಿ ನಾಲ್ಕು ಮೈಕ್ರೊಫೋನು, ನಡೆಸಲು ಕಂಪ್ಯೂಟರು. ಮೆಲ್ಲನೆ ಮಾತಾಡಿದರೆ ಬಗ್ಗಿ ಹತ್ತಿರ ಬರುತ್ತಿತ್ತು, ಕಿರುಚಿದರೆ ಹಿಂದೆ ಸರಿಯುತ್ತಿತ್ತು. ಅದಕ್ಕೆ ಮುಖವಿರಲಿಲ್ಲ, ಚರ್ಮವಿರಲಿಲ್ಲ, ಬೆತ್ತಲೆ ಕೊಳವೆಗಳು. ಹಳೆಯ ತುಣುಕಿನಲ್ಲಿ ಮಕ್ಕಳು ಅದನ್ನು ಕೈಬೀಸಿ ಕರೆಯುವುದನ್ನು ನೋಡಿದರೆ, ಅದು ಕಬ್ಬಿಣ ಅನ್ನುವುದನ್ನು ಅವರು ಎಂದೋ ಮರೆತ ಹಾಗಿದೆ. ಮನುಷ್ಯನ ಕಣ್ಣು ಚಲನೆಯಲ್ಲಿ ಜೀವ ಹುಡುಕುವುದರಲ್ಲಿ ಅಷ್ಟು ಚುರುಕು. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಯೊಹಾನ್ಸನ್ 1973ರಲ್ಲಿ ಕತ್ತಲಲ್ಲಿ ಮನುಷ್ಯನ ಕೀಲುಗಳಿಗೆ ದೀಪದ ಚುಕ್ಕಿ ಮಾತ್ರ ಕಟ್ಟಿ ತೋರಿಸಿದರು. ನಿಂತಾಗ ಬರೀ ಚುಕ್ಕಿ, ನಡೆದ ಕೂಡಲೇ ಮನುಷ್ಯ.

ಆದರೆ ಆ ಚುರುಕು ಕಣ್ಣೇ ನನ್ನ ಮೊರಗಳನ್ನೂ ಹಿಡಿದುಹಾಕಿತು. ಬಂಬೂ ಬಜಾರಿನ ಅಕ್ಕನನ್ನು ಒಂದು ಭಾನುವಾರ ಕರೆತಂದಿದ್ದೆ. ಗೋಡೆಯೆದುರು ನಿಂತು ಬಹಳ ಹೊತ್ತು ನೋಡಿದರು.

"ಇದು ಮೊರ ಏಳೋದಲ್ಲ ಸಾರ್."

"ಮತ್ತೆ?"

"ಕಿಟಕಿ ತೆಗೆದಂಗದೆ."

ಕೈಗೆ ಒಂದು ಮೊರ ತೆಗೆದುಕೊಂಡು ತೋರಿಸಿದರು. ಕೇರುವಾಗ ಮೊರ ನೆಟ್ಟಗೆ ಏಳುವುದಿಲ್ಲ. ಮೊದಲು ತುಸು ಮುಂದಕ್ಕೆ ಜಾರುತ್ತದೆ, ಆಮೇಲೆ ಝಟ್ಟನೆ ಏಳುತ್ತದೆ, ಇಳಿಯುವಾಗ ಅಳುಕುತ್ತ ಇಳಿಯುತ್ತದೆ, ಕೊನೆಗೆ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತದೆ. ನಾನು ಹಾಕಿದ್ದು ಏರಿದಷ್ಟೇ ಹೊತ್ತಿನಲ್ಲಿ ಇಳಿಯುವ ಗಣಿತದ ಅಲೆ. ಅವರು ಹೇಳಿದ್ದನ್ನೇ ಉಸಿರಿನ ಗೆರೆಯಲ್ಲಿ ಹುಡುಕಿದೆ: ಎಳೆಯುವುದು ಬೇಗ, ಬಿಡುವುದು ನಿಧಾನ, ಬಿಟ್ಟ ಮೇಲೆ ಒಂದು ತಂಗು. ನಿರಾಳವಾಗಿ ಕೂತ ಯಾರ ಉಸಿರೂ ಹಾಗೇ ಇರುತ್ತದೆ. ಪರದೆಯ ಮೇಲೆ ನೂರು ಸಲ ನೋಡಿದ್ದೆ, ಕಂಡಿರಲಿಲ್ಲ. ಮುಂದಕ್ಕೆ ಜಾರಿಸುವುದು ನನ್ನ ಕಡ್ಡಿಯಿಂದ ಆಗಲಿಲ್ಲ. ಇಳಿಯುವುದನ್ನೂ ತಂಗುವುದನ್ನೂ ಸರಿಮಾಡಿದೆ. ತಂಗು ಹಾಕಿದ ದಿನದಿಂದ ಗೋಡೆ ಬೇರೆಯೇ ಆಯಿತು. ಮೊರಗಳು ನಿಂತ ಆ ಮುಕ್ಕಾಲು ಸೆಕೆಂಡಿನಲ್ಲಿ ನೋಡುವವರೂ ನಿಂತುಬಿಡುತ್ತಿದ್ದರು.

ಒಂದು ತಪ್ಪನ್ನೂ ಹೇಳಬೇಕು. ಎರಡು ಸೆಕೆಂಡಿನ ತಡದಲ್ಲಿ ಕೂತವರು ತಮಗೇ ಗೊತ್ತಿಲ್ಲದೆ ಮೊರಗಳ ಹೊತ್ತಿಗೆ ಉಸಿರನ್ನು ಹೊಂದಿಸಿಕೊಳ್ಳುತ್ತಿದ್ದರು. ಇದನ್ನು ಕಂಡು ನನಗೆ ತಲೆ ತಿರುಗಿತು. ಮೊದಲ ಒಂದು ನಿಮಿಷ ಮೊರ ಅವರನ್ನು ಹಿಂಬಾಲಿಸಲಿ, ಆಮೇಲೆ ಮೆಲ್ಲಗೆ ಮುಂದಾಳಾಗಲಿ ಅಂತ ಬರೆದೆ. ನಿಮಿಷಕ್ಕೆ ಹದಿನೈದು ಉಸಿರಿದ್ದವರನ್ನು ಒಂಬತ್ತಕ್ಕೆ ಇಳಿಸುವ ಹಾಗೆ. ಕೆಲಸ ಮಾಡಿತು. ಒಂದು ವಾರ ಅದೇ ಹೆಮ್ಮೆಯಲ್ಲಿದ್ದೆ. ನಮ್ಮ ಕಡೆಯ ಅತ್ತಿಗೆಯೊಬ್ಬರು, ಉಬ್ಬಸ ಇರುವವರು, ಕೂತರು. ನಾಲ್ಕನೇ ನಿಮಿಷಕ್ಕೆ ಎದೆ ಹಿಡಿದುಕೊಂಡು ಎದ್ದರು. ನೀರು ಕೊಟ್ಟೆವು, ಸುಧಾರಿಸಿಕೊಂಡರು. "ನನ್ನ ಉಸಿರು ನನ್ನ ಕೈಲಿ ಇರ್ಲಿಲ್ಲ ಕಣಪ್ಪ" ಅಂದರು. ಅವತ್ತೇ ಆ ಭಾಗ ಅಳಿಸಿದೆ, ಪ್ರತಿಯನ್ನೂ ಇಟ್ಟುಕೊಳ್ಳಲಿಲ್ಲ. ಉಸಿರು ವಿಚಿತ್ರ, ತಾನಾಗಿ ನಡೆಯುತ್ತದೆ, ನಾವು ಹೇಳಿದರೂ ಕೇಳುತ್ತದೆ. ಆ ಸಂದಿನಲ್ಲಿ ಕೈಹಾಕುವುದು ನನಗೆ ಬೇಕಿರಲಿಲ್ಲ. ಪ್ರಾಣಾಯಾಮದ ಯಂತ್ರ ಮಾಡಿಕೊಡಿ, ಒಳ್ಳೇ ದುಡ್ಡು ಬರುತ್ತದೆ ಎಂದು ಆಮೇಲೂ ಮೂವರು ಹೇಳಿದ್ದಾರೆ. ಕೈಮುಗಿದು ಕಳಿಸಿದ್ದೇನೆ.

ಮೊರಗಳನ್ನು ಜನ ನೋಡಿದ್ದು ಒಂದು ಕಾಲೇಜಿನ ಸಭಾಂಗಣದಲ್ಲಿ, ಒಂಬತ್ತು ದಿನ. ತಡವನ್ನು ಒಂದೇ ಕಡೆ ಇಡಲಿಲ್ಲ: ಯಾರಾದರೂ ಕೂತಾಗ ಕಾಲು ಸೆಕೆಂಡು, ನಿಮಿಷ ಕಳೆದ ಮೇಲೆ ತಂಗಿನ ಹೊತ್ತಿನಲ್ಲಿ ಒಂದೇ ಜಿಗಿತಕ್ಕೆ ಎರಡು ಸೆಕೆಂಡು, ನಡುವಿನ ಕಿರಿಕಿರಿಯ ವಲಯ ಮುಟ್ಟದೆ. ಪಕ್ಕದಲ್ಲಿ ಯಾವ ಫಲಕವೂ ಇಲ್ಲ. ಇದು ನಿಮ್ಮ ಉಸಿರು ಅಂತ ಬರೆದರೆ ಕೂತವರು ಉಸಿರಾಡುವುದನ್ನು ಬಿಟ್ಟು ಉಸಿರನ್ನು ನಟಿಸುತ್ತಾರೆ. ಮೊದಲ ದಿನವೇ ಹವಾನಿಯಂತ್ರಣದ ಗಾಳಿಗೆ ಮೇಲಿನ ಸಾಲು ತನ್ನಷ್ಟಕ್ಕೆ ತೊನೆಯುತ್ತಿತ್ತು. ಅದನ್ನು ಆರಿಸಲು ಅನುಮತಿ ಪತ್ರ ಬರೆಯಬೇಕಾಯಿತು. ಬಂದವರಲ್ಲಿ ಅರ್ಧದಷ್ಟು ಜನ ಕೂರಲೇ ಇಲ್ಲ, ಮೊಬೈಲಿನಲ್ಲಿ ಚಿತ್ರ ತೆಗೆದು ಹೋದರು. ಬೇಜಾರೇನಿಲ್ಲ ಅಂದರೆ ಸುಳ್ಳಾಗುತ್ತದೆ.

ಐದನೇ ದಿನ ಶಾಲೆಯ ಇಬ್ಬರು ಹುಡುಗಿಯರು ಒಂದೇ ದಿಂಬಿಗೆ ಒತ್ತಿಕೊಂಡು ಕೂತರು. ಎರಡು ಉಸಿರು ಕಲಸಿ ಮೊರಗಳು ಗೊಂದಲಕ್ಕೆ ಬಿದ್ದವು. ಒಬ್ಬಳಿಗೆ ಏನೋ ನಗು ಬಂತು, ಇನ್ನೊಬ್ಬಳು ತಡೆಯಲಾರದೆ ನಕ್ಕಳು. ಇಪ್ಪತ್ತೈದು ಮೊರಗಳೂ ಗಡಗಡ ಅದುರಿದವು, ಬಿದಿರು ಬಿದಿರಿಗೆ ತಾಗಿ ಅಕ್ಕಿ ಕೇರುವ ಸದ್ದೇ ಬಂತು. ಅದನ್ನು ನೋಡಿ ಮತ್ತೆ ನಗು, ಮತ್ತೆ ಅದುರು. ನಗು ಅಂದರೆ ತುಂಡು ತುಂಡಾಗಿ ಬಿಟ್ಟ ಉಸಿರು. ಒಂದು ಸೆಕೆಂಡಿನ ಸರಾಸರಿ ಇಟ್ಟಿದ್ದರೆ ಅದು ಪೂರ್ತಿ ಒರೆಸಿ ಹೋಗುತ್ತಿತ್ತು. ಕಸವೆಂದು ನಾನು ತಿಂಗಳುಗಟ್ಟಲೆ ಸೋಸುತ್ತಿದ್ದ ನಡುಕದೊಳಗೆ ಇದೂ ಇತ್ತು. ಕಾವಲಿನವರು ಬಂದು "ಏನ್ ಗಲಾಟೆ" ಅಂತ ಕೇಳುವವರೆಗೂ ಅವರು ಏಳಲಿಲ್ಲ.

ಪ್ರದರ್ಶನ ಮುಗಿದ ಮೇಲೆ ಕಟ್ಟು ಬಿಚ್ಚಿದೆ. ಮೋಟಾರುಗಳು ಡಬ್ಬಿಗೆ ಹೋದವು. ಮೊರಗಳನ್ನು ಕೇಳಿದವರಿಗೆ ಕೊಟ್ಟೆ. ಹಾಲಿನವರು ಎರಡು ಒಯ್ದರು. ಒಂದು ನಮ್ಮ ಅಡುಗೆಮನೆಯಲ್ಲಿದೆ. ದಾರ ಕಟ್ಟಿದ್ದಲ್ಲಿ ಅಂಚು ಸ್ವಲ್ಪ ಸವೆದು ಸಾಸಿವೆ ಅಲ್ಲಿಂದ ಸೋರುತ್ತದೆ ಎಂದು ಅಮ್ಮನ ದೂರು, ಇನ್ನೂ ನಿಂತಿಲ್ಲ.